ಯಲಗೂರಪ್ಪನ ಅಪ್ಪ ಯಾರು?

ಪೀಣ್ಯದ ಲೇತ್ ಶೆಡ್ಡಿನ ಮುತ್ತಣ್ಣನ ಹೆಸರನ್ನು ಯಾರಾದರೂ ಕೇಳಿದರೆ ಮುಗಿಯಿತು, ಚಹಾ ಆರಿ ಕೆನೆ ಕಟ್ಟುವವರೆಗೆ ಬಿಡುವುದಿಲ್ಲ. “ಯಲಗೂರಪ್ಪನ ಮಗ ದುರಗಪ್ಪ, ದುರಗಪ್ಪನ ಮಗ ಗಂಗಪ್ಪ, ಗಂಗಪ್ಪನ ಮಗ ಈ ಮುತ್ತಣ್ಣ!” ಎಂದು ಎದೆ ತಟ್ಟಿಕೊಂಡು ಅಲ್ಲಿಗೇ ನಿಲ್ಲಿಸುತ್ತಾನೆ, ಅಪ್ಪ ಯಾರೆಂದು ಹೇಳದೆ ಕೂಸನ್ನೆತ್ತಿಕೊಂಡು ಮನೆಗೆ ಬಂದ ಮಗಳು ಮಹಾನಂದಾಳ ತನಕ ಆ ಸಾಲು ಇಳಿಯುವುದಿಲ್ಲ, ಕೂಸಿಗಿನ್ನೂ ಹೆಸರೂ ಇಟ್ಟಿಲ್ಲ. ಅವನ ಚಿಂತೆಯೆಲ್ಲ ಮುತ್ತಜ್ಜ ಯಲಗೂರಪ್ಪನ ಅಪ್ಪ ಯಾರೆಂಬುದು. ಬಿಜಾಪುರದ ಕಡೆಯ ಮಾತು ಕಿವಿಗೆ ಬಿದ್ದರೆ ಸಾಕು, ಜಾಲಹಳ್ಳಿ ಕ್ರಾಸಿನಲ್ಲಿ ಓಡುವ ಬಸ್ಸನ್ನೂ ಅಡ್ಡಗಟ್ಟಿ “ನಿಮ್ಮ ಮನಿದೇವ್ರು ಯಾವ್ದರಿ?” ಎನ್ನುತ್ತಾನೆ. “ಯಲಗೂರಪ್ಪನ ಅಪ್ಪ ದಳವಾಯಿನೇ ಇರಬೇಕು ನೋಡ್ರಿ, ನನ್ನ ಮೀಸಿ ನೋಡಿದ್ರ ಗೊತ್ತಾಗಂಗಿಲ್ಲೇನು?” ಕಡೆಗೊಂದು ದಿನ, ಮನೆತನಗಳ ವಂಶಾವಳಿಯನ್ನು ಬಾಯಿಪಾಠದಲ್ಲಿ ಹೇಳುವ ಅವರೂರಿನ ಹೆಳವ ಬೈಕ್ ಏರಿ ಶೆಡ್ಡಿಗೇ ಬಂದ. ಲೇತುಗಳೆಲ್ಲ ನಿಂತವು, ಗ್ರೀಸ್ ಮೆತ್ತಿದ ಕೈ ಮುಗಿದ ಮುತ್ತಣ್ಣ ಕುಣಿಯುವುದೊಂದು ಬಾಕಿ. ಹೆಳವ ಯಲಗೂರಪ್ಪನವರೆಗೆ ಹಾಡಿ ದನಿ ತಗ್ಗಿಸಿದ: “ಅಪ್ಪನ ಹೆಸರು ನಮ್ಮ ಹಿರ್ಯಾರೂ ಹೇಳಿಲ್ರಿ. ದೇವಕ್ಕನ ಮಗ ಅಷ್ಟ. ಕೂಸಿನ ಕಟ್ಕೊಂಡು ಒಬ್ಬಾಕೀನ ನಮ್ಮೂರಿಗೆ ಬಂದಾಕಿ.” ಮುತ್ತಣ್ಣ ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡ, ಆಮೇಲೆ “ಸಿಕ್ಕಳಲ್ಲೋ!” ಎಂದು ಕೂಗಿದ ಕೂಗಿಗೆ ತಗಡಿನ ಸೂರು ನಡುಗಿತು. ಈಗಲೂ ಅವನ ಹೆಸರು ಕೇಳಿದವರ ಚಹಾ ಆರುತ್ತದೆ, ಮೊದಲಿಗಿಂತ ಹೆಚ್ಚೇ ಆರುತ್ತದೆ: “ದೇವಕ್ಕನ ಮಗ ಯಲಗೂರಪ್ಪ, ಯಲಗೂರಪ್ಪನ ಮಗ ದುರಗಪ್ಪ, ದುರಗಪ್ಪನ ಮಗ ಗಂಗಪ್ಪ, ಗಂಗಪ್ಪನ ಮಗ ಈ ಮುತ್ತಣ್ಣ, ಮುತ್ತಣ್ಣನ ಮಗಳು ಮಹಾನಂದಾ, ಮಹಾನಂದಾನ ಮಗಳು ದೇವಕ್ಕ!”