ಹಗೇವಿನ ಅಕ್ಕಾರು

ಅಕ್ಕಾರ ತುಟಿಯ ಅಂಚಿನಲ್ಲಿ ಸದಾ ಕರಿಮಣ್ಣಿನ ಗೆರೆ ಇರುತ್ತಿತ್ತು. ಗೋಡೆಗೆ ಮೆತ್ತುವ ಮಣ್ಣು ಹದವಾಗಿದೆಯೋ ಇಲ್ಲವೋ ಎಂದು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದರು. ಗೌಂಡಿ ಕೆಲಸದಲ್ಲೇ ತಲೆ ನರೆತ ನನಗೂ ಅದನ್ನು ಕಂಡರೆ ಹೇಸಿಗೆಯಾಗುತ್ತಿತ್ತು.

ಹುಬ್ಬಳ್ಳಿಯ ಸಾಹುಕಾರರ ಬಂಗಲೆಗಳಿಗೆ ನಕ್ಷೆ ಬರೆಯುತ್ತಿದ್ದವರು ಅದನ್ನೆಲ್ಲ ಬಿಟ್ಟು ಅಣ್ಣಿಗೇರಿಗೆ ಬಂದು, ಹಿಂದೆ ಜೋಳ ತುಂಬಿಡುತ್ತಿದ್ದ ಹಗೇವುಗಳನ್ನು, ಅಂದರೆ ನೆಲದೊಳಗಿನ ಕಣಜಗಳನ್ನು ತೆರೆಸತೊಡಗಿದರು. ನಾನು ಒಳಗೆ ಮಣ್ಣು ಮೆತ್ತಬೇಕು, ನೋಡಲು ಬಂದವರು ಒಬ್ಬೊಬ್ಬರೇ ಇಳಿದು ಕೂಡಬೇಕು, ಮೇಲೆ ಕಲ್ಲು ಅರ್ಧ ಮುಚ್ಚಬೇಕು. ಇಷ್ಟೇ ಕಲೆ. ಊರು ನಕ್ಕಿತು. ಕೂತು ಬಂದವರು ಮಾತ್ರ ನಗಲಿಲ್ಲ. ಒಳಗೆ ಇನ್ಯಾರೋ ಉಸಿರಾಡುತ್ತಿದ್ದರು ಎಂದೇ ಹೇಳಿದರು. ಮುಂದೆ ಮುಂಬೈಯಲ್ಲಿ, ಪರದೇಶದಲ್ಲಿ ಪ್ರದರ್ಶನದ ದೊಡ್ಡ ಸಭಾಂಗಣಗಳೊಳಗೆ ಇಂಥದೇ ಹಗೇವು ಕಟ್ಟಿ ಅಕ್ಕಾರು ಹೆಸರಾದರು.

ಮುಚ್ಚಿದ ಹಗೇವಿನ ಗಾಳಿ ವಿಷ. ಒಂದು ದಿನ ತೆರೆದಿಟ್ಟು, ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಅವರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು.

"ನಾ ಮಾತಾಡ್ಕೋತ ಇರ್ತೀನಿ. ಮಾತು ನಿಂತ್ರ ಎಳಿ," ಅನ್ನುತ್ತಿದ್ದರು. ಹೇಳಲು ಏನೂ ಇಲ್ಲದಿದ್ದರೆ ಬದನೆಕಾಯಿ ಎಣಗಾಯಿ ಮಾಡುವುದನ್ನಾದರೂ ಒದರುತ್ತಿದ್ದರು.

ನಮ್ಮ ಹಿತ್ತಲಿನ ಹಗೇವು ಬೇಡವೆಂದು ವರ್ಷಗಟ್ಟಲೆ ತಡೆದಿದ್ದೆ. ನಾನು ಐದು ವರ್ಷದವನಿದ್ದಾಗ ಅಪ್ಪ ಅದರಲ್ಲಿ ಇಳಿದು ಸತ್ತಿದ್ದ. ಇಳಿದವನೇ ಹೋದ, ಅವನಿಗೇನೂ ಗೊತ್ತಾಗಲಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಅವ್ವ ಹೋದ ಮೇಲೆ ನಾನೇ ಕಲ್ಲು ಸರಿಸಿದೆ. ಕಂದೀಲು ಚೆನ್ನಾಗಿಯೇ ಉರಿಯಿತು. ಅಕ್ಕಾರು ಇಳಿದರು, ಮಾತಾಡುತ್ತಿದ್ದರು, ಥಟ್ಟನೆ ಮಾತು ನಿಂತಿತು. ಎಳೆದೆ. ಮೇಲೆ ಬಂದವರ ಮುಖ ಬಿಳಿಚಿತ್ತು, ಉಸಿರೇನೋ ಸರಿಯಾಗಿತ್ತು.

"ಗ್ವಾಡಿ ಮ್ಯಾಲ ಬೆರಳಿನ ಗುರುತು ಅದಾವ," ಅಂದರು. "ಹತ್ತಾಕ ನೋಡ್ಯಾರ."

ನಾನೂ ಇಳಿದೆ. ಎದೆಮಟ್ಟದಿಂದ ಕೈಗೆಟಕುವವರೆಗೂ ಬೆರಳುಗಳು ಗೋಡೆಯನ್ನು ಕೆರೆದಿದ್ದವು. ಅವ್ವ ನನಗೆ ಸುಳ್ಳು ಹೇಳಿದ್ದಳು. ಕೈ ಇಟ್ಟು ನೋಡಿದೆ. ಅಪ್ಪನ ಕೈ ನನ್ನ ಕೈಗಿಂತ ಸಣ್ಣದು. ಬೆನ್ನ ಹಿಂದೆ ಯಾರೋ ನಿಂತು ಅದೇ ಗೋಡೆಯನ್ನು ನೋಡುತ್ತಿದ್ದಾರೆ ಅನ್ನಿಸಿತು. ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಒಳಗಿದ್ದವರ ಗುರುತು ಉಳಿದ ಇಂಥದೊಂದು ಗೋಡೆಗಾಗಿಯೇ ಅಕ್ಕಾರು ಇಷ್ಟು ವರ್ಷ ಹಗೇವು ತೆರೆಸಿದ್ದರು. ಅದು ನನಗೆ ಗೊತ್ತಿತ್ತು. ನಾನು ಮೇಲೆ ಬಂದ ಮೇಲೆ ಅವರು, "ನಿಮ್ಮಪ್ಪನ ಗ್ವಾಡಿ. ನೀ ಹೇಳಿದಂಗ," ಅಂದರು.

"ಮುಚ್ಚಿಬಿಡೂಣ್ರಿ," ಅಂದೆ.

ಅಕ್ಕಾರು ಸಲಿಕೆ ಎತ್ತಿಕೊಂಡರು. ಮಣ್ಣು ತುಂಬಲು ಇಬ್ಬರಿಗೂ ಎರಡು ದಿನ ಹಿಡಿಯಿತು.

ಅಕ್ಕಾರು ಹೋದ ವರ್ಷ ತೀರಿಕೊಂಡರು. ಮೊನ್ನೆ ಅವರ ಮೇಲೆ ಪುಸ್ತಕ ಮಾಡುವವರು ಬಂದಿದ್ದರು. ಊರಿನಲ್ಲಿ ಯಾರೋ ನಮ್ಮ ಹಿತ್ತಲಿನ ಸುದ್ದಿ ಹೇಳಿದ್ದರು. ಅದರ ಫೋಟೋ ಒಂದಾದರೂ ಇರಬೇಕಲ್ಲ, ಅಕ್ಕಾರ ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ ಎಂದರು.

ಆ ದಿನ ಅಕ್ಕಾರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡೇ ಇಳಿದಿದ್ದರು. ಒಂದೂ ತೆಗೆದಿರಲಿಲ್ಲ.