ಪಕ್ಕದ ಮನೆಗೆ ಕೇಳಿಸಿದ ಶೋಭಾನೆ

ಸತ್ತವರ ದನಿ ಕೇಳಿಸಿತು, ಹಿತ್ತಿಲಲ್ಲಿ ಯಾರೋ ನಿಂತ ಹಾಗೆ ಕಂಡಿತು ಎಂದು ಯಾರಾದರೂ ಹೇಳಲು ಕೂತರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾಡಲು ಕೆಲಸವಿಲ್ಲದವರ ಕತೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಎದ್ದುಹೋಗುತ್ತಿದ್ದೆ. ಈಗ ಅಂಥದ್ದೇ ಒಂದನ್ನು ನಾನೇ ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂಬ ಹಟವೇನಿಲ್ಲ. ನಡೆದದ್ದನ್ನು ಹೇಳಿ ಸಿಟ್ಟು ಇಳಿಸಿಕೊಳ್ಳಬೇಕು, ಅಷ್ಟೇ.

ನನ್ನ ಅಮ್ಮ ಗುಲ್ವಾಡಿ ಕಡೆಯ ಮದುವೆಮನೆಗಳಲ್ಲಿ ಶೋಭಾನೆ ಹಾಡುತ್ತಿದ್ದಳು. ಮದುಮಗಳನ್ನು ಹಸೆಗೆ ಕೂರಿಸಿದ ಕೂಡಲೇ ಹೆಂಗಸರೆಲ್ಲ ಅಮ್ಮನ ಮುಖ ನೋಡುತ್ತಿದ್ದರು. ಅಪ್ಪ ಮುಂಬಯಿಯಲ್ಲಿ ಹೋಟೆಲು ಕೆಲಸದಲ್ಲಿದ್ದ. ಆ ಕಾಲಕ್ಕೆ ನಮ್ಮಲ್ಲಿ ಎಷ್ಟೋ ಮನೆಯವರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ರಜೆಗೆ ಬಂದವರ ಕೈಯಲ್ಲಿ ಮುಂಬಯಿಗೆ ಕಳಿಸುತ್ತಿದ್ದರು. ಅಮ್ಮ ಒಮ್ಮೆ ಅಪ್ಪನಿಗಾಗಿ ಶೋಭಾನೆ ಹಾಡಿ ಕಳಿಸಿದ್ದಳು. ಅಪ್ಪ ಕೆಲಸ ಬಿಟ್ಟು ಊರಿಗೆ ಬರುವಾಗ ಅದನ್ನೂ ತಂದ. ಅದರ ಮೇಲೆ ಬೇರೇನೂ ರೆಕಾರ್ಡ್ ಆಗದಿರಲೆಂದು ಅಂಚಿನ ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ತಾನೇ ಮುರಿದಿಟ್ಟಿದ್ದ. ಅಮ್ಮ ಹೋದ ಮೇಲೆ ಅವಳ ದನಿ ಉಳಿದದ್ದು ಅದೊಂದರಲ್ಲಿ ಮಾತ್ರ.

ನನ್ನ ತಮ್ಮನಿಗೆ ಯಕ್ಷಗಾನದ ಹುಚ್ಚು. ಎಲ್ಲಿ ಹರಕೆ ಆಟವಾದರೂ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ರಂಗಸ್ಥಳದ ಪಕ್ಕದಲ್ಲೇ ಕೂರುವವನು. ಶಂಕರನಾರಾಯಣದ ಕಡೆಯ ಒಂದು ಆಟದಲ್ಲಿ ಇವನ ಖಾಲಿ ಕ್ಯಾಸೆಟ್ಟು ಮುಗಿಯಿತಂತೆ. ಚೀಲದಲ್ಲಿ ಕೈಗೆ ಸಿಕ್ಕಿದ ಒಂದಕ್ಕೆ, ಮುರಿದ ಜಾಗದಲ್ಲಿ ಕಾಗದ ತುರುಕಿ, ಪ್ರಸಂಗ ತುಂಬಿಸಿಕೊಂಡು ಬಂದ. ಅಮ್ಮನ ವರ್ಷಾಂತಿಕದ ದಿನ ಎಲ್ಲರೂ ಕೇಳಲೆಂದು ಅವಳ ಕ್ಯಾಸೆಟ್ಟು ಹಾಕಿದರೆ ಚೆಂಡೆ! ಎರಡೂ ಬದಿಯಲ್ಲಿ ಚೆಂಡೆ! ಅಂಗಳದಲ್ಲೇ ನಿಲ್ಲಿಸಿ ಅವನ ಜನ್ಮ ಜಾಲಾಡಿದೆ. ಅವತ್ತಿನಿಂದ ಮಾತು ಬಿಟ್ಟೆ.

ಅದಾಗಿ ಕೆಲವು ವರ್ಷ ಕಳೆದಿತ್ತು. ನಾವು ಬ್ರಹ್ಮಾವರದಲ್ಲಿ ಮನೆ ಮಾಡಿದ್ದೆವು. ಒಂದು ಭಾನುವಾರ ನನ್ನ ಯಜಮಾನರು ಮಕ್ಕಳನ್ನು ಕರೆದುಕೊಂಡು ಬೈಂದೂರಿಗೆ, ನೆಂಟರ ಮನೆಯ ನಾಮಕರಣಕ್ಕೆ ಹೋದರು. ತಮ್ಮನೂ ಬರುತ್ತಾನೆಂದು ಗೊತ್ತಾಗಿ ನಾನು ಹೋಗಲಿಲ್ಲ. ಸಂಜೆ ದೀಪ ಹಚ್ಚಿ, ಚಾ ಮಾಡಿಕೊಂಡು, ಕ್ಯಾಸೆಟ್ಟಿನ ಡಬ್ಬ ಎಳೆದುಕೊಂಡು ಕೂತೆ. ಭಾವಗೀತೆ ಆಯಿತು, ಹಳೆಯ ಹಿಂದಿ ಸಿನಿಮಾ ಹಾಡು, ಕೊಂಕಣಿ ಭಜನೆ, ಯಾರೋ ಕೊಟ್ಟಿದ್ದ ಕೊಳಲಿನದ್ದೂ ಆಯಿತು. ಸುಖವಾಗಿತ್ತು, ಸುಳ್ಳೇಕೆ ಹೇಳಲಿ. ಕೊನೆಗೆ ತಮ್ಮ ಹಾಳು ಮಾಡಿದ ಕ್ಯಾಸೆಟ್ಟನ್ನೂ ಹಾಕಿದೆ. ಆಗಾಗ ಹಾಕುತ್ತಿದ್ದೆ, ನೋಯುವ ಹಲ್ಲನ್ನು ನಾಲಿಗೆಯಿಂದ ಒತ್ತಿ ನೋಡುವ ಹಾಗೆ. ಚೆಂಡೆ, ಮದ್ದಳೆ, ಭಾಗವತರ ಏರುದನಿ, ನೋಡುವವರ ಕೆಮ್ಮು. ಬದಿ ಮುಗಿಯುವವರೆಗೂ ಟೇಪಿನ ಎದುರಿಗೇ ಹಲ್ಲು ಕಚ್ಚಿ ಕೂತಿದ್ದೆ. ಬೇರೇನೂ ಕೇಳಿಸಲಿಲ್ಲ.

ಆಗ ಪಕ್ಕದ ಮನೆಯ ಗಿರಿಜ ಕಂಪೌಂಡಿನ ಆಚೆಯಿಂದ ಕರೆದಳು. ಮೀನು ವ್ಯಾಪಾರದವರ ಮನೆಯವಳು, ಗಂಗೊಳ್ಳಿ ಕಡೆಯವಳು. ಬಾಡಿಗೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅಮ್ಮನನ್ನು ಕಂಡವಳೇ ಅಲ್ಲ.

“ಹ್ವಾಯ್ ಅಕ್ಕ, ಆ ಶೋಭಾನಿ ಇನ್ನೊಂದ್ ಸಲ ಹಾಕಿ ಕಾಂಬ.”

“ಎಂತ ಶೋಭಾನಿ? ನಾನ್ ಹಾಕಿದ್ದ್ ಆಟದ್ ಕ್ಯಾಸೆಟ್.”

“ನನ್ ಕೆಮಿ ಸಮ ಇತ್ತ್ ಅಕ್ಕ. ಒಬ್ರ್ ಹೆಂಗ್ಸ್ ಹಾಡಿದ್ದ್. ನಡುವಂಗೆ ಬೆಕ್ಕಿಗ್ ಬೈದ್, ಮತ್ತೆ ಅಲ್ಲಿಂದ್ಲೇ ಹಾಡ್ ಹಿಡ್ದ್ರಲೆ! ನಂಗ್ ನೆಗಿ ಬಂತ್.”

ನನಗೆ ನಗು ಬರಲಿಲ್ಲ. ಅಮ್ಮ ಹಾಡುತ್ತಿದ್ದಾಗ ಬೆಕ್ಕು ಮೀನಿಗೆ ಬಾಯಿ ಹಾಕಿದ್ದು, ಅಮ್ಮ ಅದನ್ನು ಗದರಿ ಬಿಟ್ಟ ಸಾಲಿನಿಂದಲೇ ಮುಂದುವರಿಸಿದ್ದು, ಎಲ್ಲ ಆ ಕ್ಯಾಸೆಟ್ಟಿನಲ್ಲಿತ್ತು. ಅಪ್ಪನೂ ತೀರಿಕೊಂಡ ಮೇಲೆ ಅದು ಗೊತ್ತಿದ್ದದ್ದು ನನಗೆ ಮತ್ತು ತಮ್ಮನಿಗೆ ಮಾತ್ರ. ಗಿರಿಜಳನ್ನು ಒಳಗೆ ಕರೆದು ಎರಡೂ ಬದಿ ಹಾಕಿದೆ. ಚೆಂಡೆ.

“ಈಗ ಇಲ್ಲೆ ಅಕ್ಕ. ಆಗ ಇದ್ದಿತ್.”

“ಸುಳ್ಳ್ ಹೇಳುಕೆ ನಾಚ್ಕಿ ಆತಿಲ್ಯಾ ನಿಂಗೆ?” ಎಂದು ಕೂಗಿಬಿಟ್ಟೆ.

ಪಾಪ, ಅವಳ ಕಣ್ಣು ತುಂಬಿತು. ಜಗಳ ಮಾಡಲಿಲ್ಲ. ಮೆಲ್ಲಗೆ ಆ ಹಾಡನ್ನು ಗುನುಗಿದಳು. ಅದೇ ರಾಗ. ಸಾಲಿನ ಕೊನೆಯನ್ನು ಅಮ್ಮ ಎಳೆಯುತ್ತಿದ್ದ ರೀತಿಯೂ ಅದೇ. ನನಗೇ ಅದು ಮರೆತುಹೋಗಿತ್ತು.

ಮಾತು ಬಿಟ್ಟಿದ್ದರೂ, ಅವಳು ಹೋದ ಕೂಡಲೇ ತಮ್ಮನ ಮನೆಗೆ ಫೋನು ಮಾಡಿದೆ; ನಾಮಕರಣದಿಂದ ಆಗಷ್ಟೇ ಬಂದಿದ್ದ. ಬೆಕ್ಕಿನ ಕತೆಯನ್ನು ಗಿರಿಜಳಿಗೆ ಹೇಳಿದ್ದು ನೀನೇ ತಾನೆ ಎಂದು ಕೇಳಿದೆ.

“ಗಿರಿಜ ಅಂದ್ರ್ ಯಾರ್?” ಎಂದ. ನಡೆದದ್ದನ್ನು ಹೇಳಿದಾಗ, “ಅಕ್ಕ, ನಂಗೂ ಒಂದ್ ಸಲ ಕೇಣ್ಕ್” ಎಂದ. ಕೇಳಬೇಕೆಂದು ಅಷ್ಟು ಆಸೆಯಿದ್ದವನು ಅಳಿಸಿದ್ದೇಕೆ ಎಂದು ಕಿರುಚಿ ಫೋನು ಕುಕ್ಕಿದೆ.

ಹಳೆಯ ದನಿ ಒಮ್ಮೊಮ್ಮೆ ಅಡಿಯಲ್ಲಿ ಉಳಿದುಬಿಡುತ್ತದೆ ಎಂದು ಟೇಪ್ ರಿಪೇರಿಯವರು ಹೇಳಿದರು. ಉಳಿಯಲಿ. ಹಾಗಾದರೆ ಅದು ಗೋಡೆಯ ಆಚೆಗೆ ಮಾತ್ರ ಕೇಳಿಸುವುದು ಹೇಗೆ?

ಗಿರಿಜ ಈಗ ಗಂಗೊಳ್ಳಿಗೆ ಮರಳಿದ್ದಾಳೆ. ಅವಳ ಮಗಳ ಮದುವೆಗೆ ಹೋಗಿದ್ದೆ. ಹಸೆಯ ಪಕ್ಕ ನಿಂತು ಆ ಶೋಭಾನೆಯನ್ನು ಮೊದಲಿಂದ ಕೊನೆಯವರೆಗೆ, ಒಂದು ಮಾತೂ ತಪ್ಪದೆ ಹಾಡಿದಳು. ಒಂದೇ ಸಲ ಕೇಳಿದ್ದು! ಸುತ್ತಲಿನವರು ಎಷ್ಟು ಚಂದ ಎಂದರು. ನಾನು ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ.

ತಮ್ಮನ ಮೇಲಿನ ಸಿಟ್ಟು ಈಗ ಸವೆದಿದೆ, ಮಾತಾಡುತ್ತೇವೆ. ಗಿರಿಜಳದ್ದು ಏನೂ ತಪ್ಪಿಲ್ಲ. ನನಗೆ ಸಿಟ್ಟಿರುವುದು ಅಮ್ಮನ ಮೇಲೆ. ಬಂದವಳು ಬಂದೆ, ಹಾಡಿದವಳು ಹಾಡಿದೆ. ಟೇಪಿನ ಎದುರಿಗೆ ಕೂತಿದ್ದವಳು ನಿನ್ನ ಮಗಳಲ್ಲವೇನೇ ಅಮ್ಮ?