ಜಾಡು ಅಳಿಸಿಕೊಂಡು ಹೋದ ಹಸಬ್

ಬೇಸಿಗೆಯಲ್ಲಿ ನಮ್ಮ ಮರುಭೂಮಿಯಲ್ಲಿ ನೀರು ಮುಗಿದ ಮನುಷ್ಯ ಎರಡನೆಯ ದಿನದ ಸಂಜೆಯನ್ನು ನೋಡುವುದು ಕಷ್ಟ. ಇದು ನಮ್ಮೂರು ಅಬು ಹಮದ್‌ನ ಎಳೆ ಮಕ್ಕಳಿಗೂ ಗೊತ್ತು. ಊರಾಚೆಯ ಚಿನ್ನದ ಬಜಾರಿನಲ್ಲಿ ಆ ಶುಕ್ರವಾರ ಚಹಾ ಹೀರುತ್ತ ಕೂತಿದ್ದ ಅಷ್ಟೂ ಗಂಡಸರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಬೀಗದ ಬಗ್ಗೆ ಬರೆಯಬೇಕಾಗಿದೆ. ಅದಕ್ಕೆ ಮೊದಲು ಹಸಬ್ ಯಾರೆಂದು ಹೇಳಬೇಕು.

ಪೂರ್ತಿ ಹೆಸರು ಹಸಬುರ್ರಸೂಲ್. ಹುಟ್ಟಿದ್ದು ಮರಳಿನ ನಡುವೆ, ಹೆಸರಿಲ್ಲದ, ಬರೀ ನಂಬರು ಇರುವ ಒಂದು ರೈಲು ನಿಲ್ದಾಣದಲ್ಲಿ. ಅಪ್ಪ ಹಳಿ ಬದಲಿಸುವ ಕೆಲಸದವನು. ಕುಡಿಯುವ ನೀರು ರೈಲಿನ ಟ್ಯಾಂಕಿನಲ್ಲಿ ಬರಬೇಕು; ಅದು ತಡವಾದ ದಿನ ತಾಯಿ ಮಕ್ಕಳಿಗೆ ಮುಖ ತೊಳೆಯಲೂ ಬಿಡುತ್ತಿರಲಿಲ್ಲ. ಬಾಯಾರಿಕೆ ಎಂದರೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೈಲು ಅಪರೂಪವಾದ ಮೇಲೆ ಊರಿಗೆ ಬಂದು ರೇಡಿಯೊ, ಫ್ಯಾನು ರಿಪೇರಿಗೆ ಕೂತ. ಸಿತ್ತನಾಳನ್ನು ಮದುವೆಯಾದ. ಜಗಳಗಂಟನಲ್ಲ, ಕುಡುಕನಲ್ಲ, ನಮಾಜು ತಪ್ಪಿಸಿದವನಲ್ಲ. ಇಂಥವನಿಗೂ ಚಿನ್ನದ ಜ್ವರ ಹಿಡಿಯಿತು.

ಆ ಜ್ವರ ಯಾರಿಗೆ ಹಿಡಿಯಲಿಲ್ಲ ಹೇಳಿ? ಮೇಷ್ಟ್ರು ಶಾಲೆ ಬಿಟ್ಟ, ಕ್ಷೌರಿಕ ಕತ್ತರಿ ಬಿಟ್ಟ, ಖರ್ಜೂರ ಮಾರುವವನು ತಕ್ಕಡಿ ಬಿಟ್ಟ. ಎಲ್ಲರ ಕೈಯಲ್ಲೂ ಉದ್ದ ಕೋಲಿನ ತುದಿಗೆ ತಟ್ಟೆ ಕಟ್ಟಿದ ಮಿಷನ್ನು, ಕಿವಿಗೆ ಹೆಡ್‌ಫೋನು. ನೆಲಕ್ಕೆ ತಟ್ಟೆ ಸವರಿಕೊಂಡು ಹೋಗುವುದು, ಕುಂಯ್ ಅಂದ ಕಡೆ ಅಗೆಯುವುದು. ಹೆಚ್ಚಿನ ಸಲ ಸಿಗುವುದು ಹಳೇ ಸೈನ್ಯದ ಗುಂಡು, ಸಾರ್ಡೀನ್ ಮೀನಿನ ಡಬ್ಬಿ, ಒಂಟೆಯ ಮೂಗಿನ ಬಳೆ. ಆದರೆ ಒಮ್ಮೆ ಅವರೆಕಾಳಿನಷ್ಟು ಹಳದಿ ಸಿಕ್ಕಿತೆನ್ನಿ, ಆ ಮನುಷ್ಯ ಮನೆಗೆ ವಾಪಸಾಗುವುದಿಲ್ಲ.

ಹಸಬ್ ಮಿಷನ್ನು ಕೊಂಡದ್ದು ಹೆಂಡತಿಯ ಮದುವೆ ಬಳೆ ಮಾರಿ. ಚಿನ್ನ ಹುಡುಕಲು ಚಿನ್ನ ಮಾರಿದ.

“ನೆಲದೊಳಗೆ ನಿನಗೆ ಅಂತಾನೇ ಬಳೆ ಬೆಳೀತಾ ಇದೆ ಕಣೆ, ಅಗೆದು ತರ್ತೀನಿ,” ಅಂದನಂತೆ.

“ಊರಿನ ರೇಡಿಯೊ ಎಲ್ಲ ರಿಪೇರಿ ಮಾಡ್ತೀರಿ, ನಿಮ್ಮ ತಲೆ ರಿಪೇರಿ ಮಾಡೋರು ಯಾರು?” ಅಂತ ಕೇಳಿ ಸಿತ್ತನಾ ಬಳೆ ಬಿಚ್ಚಿ ಕೊಟ್ಟಳು. ಬೈದರೂ ಕೊಡುವ ಹೆಂಗಸು ಅವಳು.

ಬಜಾರಿಗೆ ಬಂದ ಮೇಲೆ ಅವನು ನಮ್ಮೆಲ್ಲರ ಚಾಳಿ ಕಲಿತ. ಇಲ್ಲಿ ಸಿಕ್ಕವನು ಸಿಕ್ಕಿತೆನ್ನುವುದಿಲ್ಲ. ಸಿಗದವನು ಸಿಗಲಿಲ್ಲವೆಂದರೆ ಯಾರೂ ನಂಬುವುದಿಲ್ಲ. ಎಲ್ಲಿಗೆ ಎಂದು ಕೇಳುವುದು ಇನ್ನೊಬ್ಬನ ಜೇಬಿಗೆ ಕೈ ಹಾಕಿದಷ್ಟೇ ಅಸಹ್ಯ. ಇದರ ಮೇಲೆ ಕೆಟ್ಟ ಕಣ್ಣಿನ ಭಯ ಬೇರೆ. ರುಬಾತಾಬ್ ಸೀಮೆಯವರ ನಾಲಿಗೆ ನಿಮಗೆ ಗೊತ್ತಲ್ಲ: ಅವರು ಒಂದು ಹೋಲಿಕೆ ಕೊಟ್ಟರೆ ಸಾಕು, ಹೋಲಿಸಿದ ವಸ್ತು ಒಡೆದು ಹೋಳಾಗುತ್ತದೆ. ಅಂಥ ಒಬ್ಬ ಮುದುಕ, ಬಾಯಲ್ಲಿ ಒಂದೂ ಹಲ್ಲಿಲ್ಲದ ಕರಾಮಲ್ಲಾ, ಒಂದು ಬೆಳಿಗ್ಗೆ ಹಸಬನನ್ನು ನೋಡಿ, “ಏನಯ್ಯಾ, ನಿನ್ನ ಮಿಷನ್ನು ಬಾಣಂತಿ ಮನೆ ಬೆಕ್ಕಿನ ಹಾಗೆ, ಎಲ್ಲಿ ಮೂತಿ ಇಟ್ರೂ ಏನೋ ನೆಕ್ಕೊಂಡೇ ಬರುತ್ತೆ!” ಅಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ವಾರ ಮಿಷನ್ನಿನ ತಟ್ಟೆ ಸೀಳು ಬಿಟ್ಟಿತು. ಕಲ್ಲಿಗೆ ಬಡಿದು ಸೀಳಿತೆಂದು ನಾನನ್ನುತ್ತೇನೆ. ಹಸಬ್ ಕೇಳಬೇಕಲ್ಲ!

ಅಂದಿನಿಂದ ಅವನು ಜಾಡು ಅಳಿಸಲು ಶುರು ಮಾಡಿದ. ತನ್ನ ಲಡಕಾಸಿ ಪಿಕಪ್ ಗಾಡಿಯ ಹಿಂದೆ ಹಗ್ಗ ಕಟ್ಟಿ ಲಾರಿಯ ಹಳೇ ಟೈರು ಎಳೆದುಕೊಂಡು ಹೋಗುತ್ತಿದ್ದ. ಚಕ್ರದ ಗುರುತು ಬಿದ್ದಲ್ಲೇ ಮಾಸಿಹೋಗುತ್ತಿತ್ತು. ಎಲ್ಲರೂ ನೋಡುವಂತೆ ಪಡುವಣಕ್ಕೆ ಹೊರಟು, ದಿಬ್ಬದ ಮರೆಯಲ್ಲಿ ಸುತ್ತು ಹೊಡೆದು ಮೂಡಣಕ್ಕೆ ತಿರುಗುತ್ತಿದ್ದ. ಮೂಡಣದ ಒಂದು ಒಣ ಹಳ್ಳದಲ್ಲಿ ಅವನಿಗೆ ಏನೋ ಸಿಕ್ಕಿತ್ತು. ಆ ಜಾಗ ಗೊತ್ತಿದ್ದದ್ದು ಇನ್ನೊಬ್ಬನಿಗೆ ಮಾತ್ರ: ಸಿತ್ತನಾಳ ತಮ್ಮ ತಾಜ್. ಜೊತೆಗೆ ಅಗೆಯಲು ಹೋಗುತ್ತಿದ್ದವನು. ಬೇರಾರಿಗೂ ಬಾಯಿ ಬಿಡುವುದಿಲ್ಲವೆಂದು ಹಸಬ್ ಅವನಿಂದ ಕುರಾನ್ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದ.

ಆ ವಾರ ತಾಜ್‌ಗೆ ಮಲೇರಿಯಾ. ಹಸಬ್ ಒಬ್ಬನೇ ಹೊರಟ. ಗುರುವಾರ ಸಂಜೆ ಬರಬೇಕಾದವನು ಬರಲಿಲ್ಲ. ಶುಕ್ರವಾರದ ನಮಾಜಿಗೂ ಬರಲಿಲ್ಲ.

ಅವನ ಜೊತೆ ದಿನವೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವರು ಆಗ ಏನೆಂದುಕೊಂಡರು ಗೊತ್ತೆ? “ಸಿಕ್ಕಿದೆ ಅವನಿಗೆ,” ಅಂದುಕೊಂಡರು. ನಮ್ಮ ಬಜಾರಿನಲ್ಲಿ ತಡವಾದವನಿಗೆ ಸಿಕ್ಕಿದೆ ಎಂದೇ ಅರ್ಥ. ಗಾಡಿ ಕೆಟ್ಟಿರಬಹುದು, ನೀರು ಮುಗಿದಿರಬಹುದು ಎಂದು ಯಾರ ತಲೆಗೂ ಹೋಗಲಿಲ್ಲ. ಹೋಗಿದ್ದರೂ ತಲೆಯಿಂದ ಬಾಯಿಗೆ ಇಳಿಯಲಿಲ್ಲ. ಹೊಟ್ಟೆ ಉರಿದುಕೊಂಡು ಚಹಾ ಕುಡಿದರು.

ಸಿತ್ತನಾ ಶನಿವಾರ ಮುಂಜಾನೆ ನೀರಿನ ಲಾರಿಯಲ್ಲಿ ಬಂದಿಳಿದಳು. ಮೈಸುತ್ತಿದ ತೋಬಿನ ಸೆರಗು ಧೂಳಿಗೆ ಮಣ್ಣಿನ ಬಣ್ಣವಾಗಿತ್ತು. ನೇರವಾಗಿ ಚಹಾದ ರೌದಾಳ ಒಲೆಯ ಮುಂದೆ ಬಂದು ನಿಂತಳು. ಬಜಾರಿನ ಅರ್ಧ ಗಂಡಸರು ಅಲ್ಲೇ ಕೂತಿರುತ್ತಾರೆ.

“ಅಣ್ಣಂದಿರಾ, ನಮ್ಮನೆಯವರು ಯಾವ ಕಡೆ ಹೋದ್ರು?”

ಒಬ್ಬ ಆಕಾಶ ನೋಡಿದ. ಒಬ್ಬ ಲೋಟದ ತಳ ನೋಡಿದ. ಒಬ್ಬ, “ದೇವರಿಗೇ ಗೊತ್ತು ತಾಯಿ,” ಅಂದ.

“ದೇವರಿಗೆ ಗೊತ್ತಿರೋದು ನಂಗೂ ಗೊತ್ತು. ನಿಮಗೇನು ಗೊತ್ತು ಹೇಳಿ!”

ಆಗ ಬಜಾರಿನಲ್ಲೇ ಮಲಗಿದ್ದ ತಾಜ್ ಕಂಬಳಿ ಹೊದ್ದುಕೊಂಡು ಎದ್ದು ಬಂದ. ಜ್ವರ ಇಳಿದಿತ್ತು, ಕಾಲು ಇನ್ನೂ ನಡುಗುತ್ತಿತ್ತು. “ಪಡುವಣಕ್ಕೆ ಹೋಗಿದ್ದಾನಕ್ಕ ಭಾವ. ರೈಲು ಹಳಿ ಕಡೆ,” ಅಂದ.

ಒಡಹುಟ್ಟಿದ ಅಕ್ಕನಿಗೆ, ಎದುರುಬದುರು ನಿಂತು ಹೇಳಿದ ಸುಳ್ಳು ಅದು. ಮೂರು ಗಾಡಿಗಳು ಪಡುವಣಕ್ಕೆ ಓಡಿದವು. ಮೂಡಣಕ್ಕೆ ತಿರುಗುವ ಹಸಬನನ್ನು ಹಿಂದೊಮ್ಮೆ ಕಂಡಿದ್ದ ಇಬ್ಬರಾದರೂ ಆ ಗಾಡಿಗಳಲ್ಲೇ ಇದ್ದರು. ಅವರೂ ಸುಮ್ಮನೆ ಹತ್ತಿ ಕೂತರು. ಹಳಿಯುದ್ದಕ್ಕೂ ಅಲೆದು, ಪೆಟ್ರೋಲು ಸುಟ್ಟು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಬರಿಗೈಯಲ್ಲಿ ಬಂದರು. ಅಷ್ಟು ಹೊತ್ತಿನ ಬಿಸಿಲು ಹಸಬನ ಮೇಲೆ ಬಿತ್ತು. ಅದರ ಲೆಕ್ಕ ಯಾರು ಕೊಡುತ್ತಾರೆ?

ಸಿತ್ತನಾ ತಮ್ಮನ ಕಂಬಳಿ ಹಿಡಿದೆಳೆದಳು. “ಲೇ, ಚಿಕ್ಕವನಿದ್ದಾಗ ಸುಳ್ಳು ಹೇಳಿದ್ರೆ ನಿನ್ನ ಕಿವಿ ಕೆಂಪಾಗ್ತಿತ್ತು. ಈಗ್ಲೂ ಆಗಿದೆ. ಎಲ್ಲಿದ್ದಾರೋ?”

ತಾಜ್ ಅಳಲು ಶುರು ಮಾಡಿದ. “ಆಣೆ ಇದೆ ಅಕ್ಕ. ಕುರಾನ್ ಮುಟ್ಟಿದ್ದೀನಿ. ನಾನೇ ಹೋಗೋಣ ಅಂದ್ರೆ ಗಾಡಿ ಇಲ್ಲ. ಗಾಡಿ ಕೇಳಿದ್ರೆ ಜಾಗ ಹೇಳ್ಬೇಕು. ಹೇಳಿದ್ರೆ ಆಣೆ ಮುರೀತದೆ. ಭಾವ ಇವತ್ತು ಬಂದೇ ಬರ್ತಾನೆ ಅನ್ಕೊಂಡೆ.”

“ನನ್ನ ಗಂಡ ಸತ್ರೆ ಆ ಆಣೆ ಇಟ್ಕೊಂಡು ಏನ್ಮಾಡ್ತೀಯೋ?”

ಒಲೆಯ ಹಿಂದಿನಿಂದ ರೌದಾ ಎದ್ದಳು. ಊರಿನ ಯಾವ ಧರ್ಮಗುರುವೂ ಹೇಳದ ಮಾತನ್ನು ಚಹಾ ಮಾರುವ ಹೆಂಗಸು ಹೇಳಿದಳು: “ಅಯ್ಯೋ ಮುಠ್ಠಾಳ, ಆಣೆ ಮುರಿದ್ರೆ ದಾರಿ ಇಲ್ವಾ? ಹತ್ತು ಬಡವರಿಗೆ ಊಟ ಹಾಕಿದ್ರೆ ಕಳೆದುಹೋಗುತ್ತೆ. ನಂಗೇ ಗೊತ್ತು, ನಿಂಗೆ ಗೊತ್ತಿಲ್ವಾ? ಹಂಡೆ ತುಂಬ ಫೂಲ್ ಕಾಳು ಬೆಂದಿದೆ. ರೊಟ್ಟಿ ಇದೆ. ಹತ್ತು ಬಡವರು ಬನ್ರೋ!”

ಸುತ್ತ ಕೂತವರೆಲ್ಲ ಎದ್ದು ಬಂದರು. ಆ ನೋಟ ನೆನೆದರೆ ಇವತ್ತೂ ಮೈ ಉರಿಯುತ್ತದೆ. ತಾನು ಬಡವನಲ್ಲವೆಂದರೆ ಚಿನ್ನ ಸಿಕ್ಕಿದ್ದನ್ನು ಒಪ್ಪಿಕೊಂಡಂತಾಗುತ್ತದಲ್ಲ! ಹೊಸ ಪಿಕಪ್ಪಿನ ಯಜಮಾನನೂ ಬಡವ, ಚಿನ್ನದ ವ್ಯಾಪಾರಿಯ ಮಗನೂ ಬಡವ.

“ಏಯ್, ನೀನು ಏಳು! ಸೊಂಟದ ಗಂಟು ಕೂತ್ರೆ ನೆಲಕ್ಕೆ ತಾಗ್ತಿದೆ, ಬಡವನಂತೆ ಬಡವ!” ರೌದಾ ಸೌಟು ಬೀಸಿ ಒಬ್ಬನನ್ನು ಎಬ್ಬಿಸಿದಳು.

“ಅದು ತಾಯತ ಕಣಮ್ಮ...”

“ಅಷ್ಟು ತೂಕದ ತಾಯತ ಕಟ್ಟಿದ ಮುಲ್ಲಾನ ಹೆಸರು ಹೇಳು, ನಾನೂ ಕಟ್ಟಿಸ್ಕೋತೀನಿ.”

ಯಾರು ಬಡವ, ಯಾರಲ್ಲ ಎಂಬ ವಾದಕ್ಕೇ ಬಿಸಿಲು ಮತ್ತಷ್ಟು ಇಳಿಯಿತು. ಕೊನೆಗೆ ಗಣಿಗುಂಡಿಯಲ್ಲಿ ಕೂಲಿ ಮಾಡುವವರನ್ನು ಕರೆದು ತಂದು ಹತ್ತು ತಟ್ಟೆ ಬಡಿಸಿದರು. ಹತ್ತನೆಯವನು ಆ ಹಲ್ಲಿಲ್ಲದ ಕರಾಮಲ್ಲಾ.

“ಹಾಕಿದ್ದಾಯ್ತಲ್ಲ, ಹೇಳೋ,” ಅಂದಳು ಸಿತ್ತನಾ.

“ಉಂಡು ಮುಗೀಬೇಕಕ್ಕ. ಉಂಡ್ರೇನೇ ಲೆಕ್ಕ,” ಅಂದ ತಾಜ್. ಅವನು ಬಗ್ಗಲಿಲ್ಲ.

ಒಂಬತ್ತು ಜನ ಗಬಗಬ ತಿಂದು ತಟ್ಟೆ ಒರೆಸಿದರು. ಕರಾಮಲ್ಲಾ ಮಾತ್ರ ರೊಟ್ಟಿಯ ಚೂರನ್ನು ಕಾಳಿನ ರಸದಲ್ಲಿ ನೆನೆಸಿ, ವಸಡಿಗೆ ವಸಡು ಒತ್ತಿ, ಒಂದೊಂದೇ ತುತ್ತು ಅರೆಯುತ್ತಿದ್ದ. ಸಿತ್ತನಾ ಅವನ ಎದುರು ಮಂಡಿಯೂರಿ ಕೂತು ಅವನ ಗಂಟಲನ್ನೇ ನೋಡುತ್ತಿದ್ದಳು. ಅಷ್ಟು ಜನ ಗಂಡಸರು ಸುತ್ತ ನಿಂತು, ಒಂದು ಜೀವ ಒಬ್ಬ ಮುದುಕನ ವಸಡಿಗೆ ಸಿಕ್ಕಿಕೊಂಡಿರುವುದನ್ನು ನೋಡುತ್ತಿದ್ದೆವು. ಮುದುಕನ ಕಣ್ಣಲ್ಲಿ ನೀರು ಬಂತು.

“ನುಂಗ್ತಿದ್ದೀನಿ ಮಗಳೇ, ಅವಸರ ಮಾಡಿದ್ರೆ ಗಂಟಲಿಗೆ ಸಿಕ್ಕಿ ನಾನೂ ಹೋಗ್ತೀನಿ.” ಕೊನೆಯ ತುತ್ತು ಇಳಿಯಿತು. ಬಾಯಿ ತೆರೆದು ತೋರಿಸಿದ. “ನೋಡವ್ವ, ಏನಿಲ್ಲ.”

“ಕಪ್ಪು ಗುಡ್ಡದ ಹಿಂದೆ, ಮೂಡಣಕ್ಕೆ ಎರಡನೇ ಹಳ್ಳ,” ಅಂದ ತಾಜ್.

ಪಡುವಣಕ್ಕೆ ಹೋಗುವಾಗ ಮೂರೇ ಗಾಡಿ ಸಿಕ್ಕಿದ್ದವು. ಈಗ ಬಜಾರಿನ ಗಾಡಿಗಳೆಲ್ಲ ಒಟ್ಟಿಗೆ ಗುಡುಗಿದವು. ಜನಕ್ಕೆ ಎಷ್ಟು ಕರುಣೆ ಎಂದು ಹೊಸಬ ನೋಡಿದ್ದರೆ ಕಣ್ಣೊರೆಸಿಕೊಳ್ಳುತ್ತಿದ್ದ. ನೀರಿನ ಡ್ರಮ್ಮು ಇದ್ದದ್ದು ಸಿತ್ತನಾ ಹತ್ತಿದ ಗಾಡಿಯಲ್ಲಿ. ಮಿಷನ್ನು ಮಾತ್ರ ಎಲ್ಲ ಗಾಡಿಯಲ್ಲೂ ಇತ್ತು.

ಹಸಬ್ ಹಳ್ಳದ ಅಂಚಿನಲ್ಲಿ ಪಿಕಪ್ಪಿನ ಅಡಿಯ ನೆರಳಿನಲ್ಲಿ ಬಿದ್ದಿದ್ದ. ಆಕ್ಸಲ್ ಮುರಿದಿತ್ತು. ಎಳೆದು ತಂದ ಟೈರನ್ನು ಹೊಗೆಯೇಳಲೆಂದು ಸುಟ್ಟಿದ್ದ. ಆ ಹೊಗೆ ಹುಡುಕಬೇಕಾದವರು ಪಡುವಣದಲ್ಲಿದ್ದರು. ರೇಡಿಯೇಟರಿನ ನೀರನ್ನೂ ಕುಡಿದು ಮುಗಿಸಿದ್ದ. ನಾಲಿಗೆ ಊದಿತ್ತು. ಉಸಿರಿತ್ತು.

ಸಿತ್ತನಾ ತೋಬಿನ ಸೆರಗನ್ನು ನೀರಲ್ಲಿ ಅದ್ದಿ ತುಟಿಗೆ ಹಿಂಡಿದಳು. “ಕಣ್ಣು ಬಿಡಿ. ನಾನು ಬಂದಿದ್ದೀನಿ. ಕಣ್ಣು ಬಿಡೀಂದ್ರೆ!”

ಕಣ್ಣು ಬಿಟ್ಟ. ಹೆಂಡತಿಯನ್ನು ನೋಡಿದ. ಆಮೇಲೆ ಅವಳ ಹೆಗಲಾಚೆ ನೋಡಿದ. ಹಳ್ಳದ ತುಂಬ ಜನ ಹೆಡ್‌ಫೋನು ಏರಿಸಿ ಮಿಷನ್ನು ಸವರುತ್ತಿದ್ದರು. ಹಸಬನ ಗಂಟಲಿನಿಂದ ಹೊರಟ ಮೊದಲ ಮಾತು: “ಯಾರು ಹೇಳಿದ್ದು?”

“ನಾನೇ ಭಾವ,” ತಾಜ್ ಕಾಲ ಬಳಿ ಕೂತ.

“ಆಣೆ...?”

“ಹತ್ತು ಜನಕ್ಕೆ ಉಣ್ಣಿಸಿದ್ವಿ.”

ಹಸಬ್ ಮುಖ ತಿರುಗಿಸಿದ.

ಅವನನ್ನು ಮಲಗಿಸಿ ಆಸ್ಪತ್ರೆಗೆ ಒಯ್ಯಲು ಹಿಂಬದಿ ಉದ್ದವಿರುವ ಗಾಡಿ ಬೇಕಿತ್ತು. ಅಂಥ ಗಾಡಿಯವನು ಹಳ್ಳದ ಆ ತುದಿ ಸೇರಿದ್ದ. ಸಿತ್ತನಾ ಕೂಗಿದಳು, ಎದೆ ಬಡಿದುಕೊಂಡಳು, ಅವನ ಕಿವಿಯಲ್ಲಿ ಮಿಷನ್ನಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಅವಳು ಓಡಿ ಹೋಗಿ ಅವನ ತಲೆಯಿಂದ ಹೆಡ್‌ಫೋನು ಕಿತ್ತು ಮರಳಿಗೆ ಬಿಸಾಕಿದಳು. “ಏನಕ್ಕ, ಈಗಷ್ಟೇ ಸದ್ದು ಬಂದಿತ್ತಲ್ಲ,” ಅಂದ ಆ ಪುಣ್ಯಾತ್ಮ! ಅಲ್ಲಿಗೆ ಹಾರೆ ಊರಿ ಗುರುತು ಮಾಡಿಟ್ಟು ಆಮೇಲೆ ಗಾಡಿ ತಿರುಗಿಸಿದ. ಕಣ್ಣಾರೆ ಕಂಡದ್ದನ್ನು ಬರೆಯುತ್ತಿದ್ದೇನೆ.

ಹಸಬ್ ಬದುಕಿದ. ಮೂತ್ರಪಿಂಡ ಕೆಟ್ಟಿದೆ, ವಾರಕ್ಕೆರಡು ಸಲ ಅತ್ಬರಾ ಪಟ್ಟಣದವರೆಗೆ ಬಸ್ಸಿನಲ್ಲಿ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಾನೆ. ಬಸ್ಸಿನಲ್ಲಿ ಪಕ್ಕ ಕೂರುವವನು ತಾಜ್. ಹಸಬ್ ಅವನ ಜೊತೆ ಇವತ್ತಿಗೂ ಮಾತಾಡುವುದಿಲ್ಲ. ಜೀವ ಉಳಿಸಿದ ಮಾತಿಗಾಗಿ ಹುಡುಗನನ್ನು ಕ್ಷಮಿಸಿಲ್ಲ. ಜೀವ ತೆಗೆಯಲಿದ್ದ ಸುಳ್ಳನ್ನು ನಿಯತ್ತು ಎನ್ನುತ್ತಾನೆ. ಅವನ ಮೇಲೆ ನನಗೆ ಮರುಕವಿದೆ, ಸಿಟ್ಟು ಅದಕ್ಕಿಂತ ಹೆಚ್ಚಿದೆ. ಆ ಹಳ್ಳವೀಗ ಹೆಗ್ಗಣ ತೋಡಿದ ಹೊಲದಂತಾಗಿದೆ. ರೌದಾಳ ಒಲೆಯ ಮುಂದೆ ಇದು ನಗುವ ಕತೆಯಾಗಿದೆ. ಮುದುಕ ವಸಡು ಅರೆದದ್ದನ್ನು ಅಭಿನಯಿಸಿ ತೋರಿಸುವವರಿದ್ದಾರೆ. “ಯಾರು ಹೇಳಿದ್ದು?” ಎಂಬುದಂತೂ ಕಳೆದುಹೋದ ಚಹಾದ ಲೋಟ ಸಿಕ್ಕರೂ ಹೇಳುವ ಮಾತಾಗಿದೆ.

ನಗಿ. ಆದರೆ ಕಳೆದ ಚಳಿಗಾಲದಲ್ಲಿ ಒಂದು ಮಿಷನ್ನು ಕುಂಯ್ ಅಂದ ಕಡೆ ಅಗೆದವರಿಗೆ ಸಿಕ್ಕಿದ್ದು ಬೆಲ್ಟಿನ ಬಕಲ್ಲು, ಅದರ ಹಿಂದೆ ಮನುಷ್ಯ. ಅವರು ಮರಳು ಎಳೆದು ಮುಚ್ಚಿ ಬಂದರು. ಪೊಲೀಸರಿಗೆ ಹೇಳಿದರೆ ಜಾಗ ತೋರಿಸಬೇಕಲ್ಲ! ಆ ಬಕಲ್ಲಿನವನ ಹೆಂಡತಿ ಯಾವ ಬಜಾರಿನಲ್ಲಿ ಯಾರನ್ನು ಕೇಳುತ್ತ ನಿಂತಿದ್ದಾಳೋ.

ಮಿಷನ್ನು ಹೆಗಲಿಗೇರಿಸಿಕೊಂಡು ಇದನ್ನು ಓದುತ್ತಿರುವ ನೀವು, ಮೊದಲು ಅದನ್ನು ಕೆಳಗಿಡಿ. ಯಾವ ದಿಕ್ಕು, ಯಾವ ಹಳ್ಳ, ಯಾವತ್ತು ವಾಪಸು ಎಂದು ಮನೆಯ ಒಬ್ಬರಿಗೆ ಹೇಳಿ. ಆ ಬಕಲ್ಲಿನ ಜಾಗ ಗೊತ್ತಿರುವ ನೀವು, ನೀವು ಯಾರೆಂದು ನಿಮಗೆ ಗೊತ್ತು, ಇವತ್ತೇ ಎದ್ದು ಹೋಗಿ ಬಾಯಿ ಬಿಡಿ.